ಅಕ್ಕಿಹೆಬ್ಬಾಳಿನ ನೀರು ಕುಡಿಯುವ ಕಾರು

ಕಾರು ನಿಲ್ಲಿಸಿ, ಕೀ ತೆಗೆದುಕೊಂಡು, ಬಾಗಿಲು ಜಡಿದು ನೀವು ಮನೆಯೊಳಗೆ ಹೋಗಿಬಿಡುತ್ತೀರಿ. ಕಾರು ಮಾತ್ರ ಅಷ್ಟು ಬೇಗ ಸುಮ್ಮನಾಗುವುದಿಲ್ಲ. ಕಾದ ಕಬ್ಬಿಣ ಆರುತ್ತಾ ಟಿಕ್ ಟಿಕ್ ಎನ್ನುತ್ತದೆ. ರಬ್ಬರ್ ಪೈಪು ಸಣ್ಣಗೆ ಉಸಿರು ಬಿಡುತ್ತದೆ. ಬಾನೆಟ್ಟಿನ ಒಳಗೆಲ್ಲೋ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರಿಕೊಳ್ಳುತ್ತದೆ. ಯಾರೂ ಇಲ್ಲದ ಅಂಗಳದಲ್ಲಿ, ಮಟಮಟ ಮಧ್ಯಾಹ್ನ, ಅದರ ಪಕ್ಕ ಒಬ್ಬರೇ ಕುಕ್ಕರುಗಾಲಲ್ಲಿ ಕೂತು ಕೇಳಿ ನೋಡಿ. ಒಳಗೆ ಯಾರೋ ಇದ್ದಾರೆ ಅನ್ನಿಸದಿದ್ದರೆ ನನ್ನನ್ನು ಕೇಳಿ.

ನಾನು ಪಾಂಡವಪುರದವನು. ಇಂಜಿನ್ನನ್ನು ತಣ್ಣಗಿಡುವ ರೇಡಿಯೇಟರು, ಪೈಪು, ಪಂಪು, ಫ್ಯಾನು, ಇವಿಷ್ಟರ ಕೆಲಸವನ್ನೇ ಜೀವಮಾನವೆಲ್ಲ ಮಾಡಿದೆ. ಅದಕ್ಕೇ ಜನ ನನಗೆ ರೇಡಿಯೇಟರ್ ಕೆಂಪಣ್ಣ ಅಂತ ಹೆಸರಿಟ್ಟರು. ಕುದಿಯುವ ಕಾರನ್ನು ಶಾಪಿನವರೆಗೆ ಓಡಿಸಿಕೊಂಡು ಬಂದರೆ ಇಂಜಿನ್ನೇ ಹಾಳು. ಹಾಗಾಗಿ ಸ್ಕೂಟರಿಗೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ನಾನೇ ಮನೆಮನೆಗೆ ಹೋಗುತ್ತಿದ್ದೆ. ಈಗ ಮಂಡಿ ಎರಡೂ ಕೈಕೊಟ್ಟಿವೆ, ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಐಟಿಐ ಮುಗಿಸಿದ ಹುಡುಗರು ಬಂದು ರೇಡಿಯೇಟರ್ ನೀರಿಗೆ ಬೆರೆಸುವ ಯಾವ ಕೂಲೆಂಟ್ ಒಳ್ಳೆಯದು, ಯಾವ ಸ್ಕ್ಯಾನರ್ ಕೊಳ್ಳಬೇಕು ಅಂತ ಕೇಳುತ್ತಾರೆ. ಅದನ್ನು ಅಂಗಡಿಯವನೇ ಹೇಳುತ್ತಾನೆ ಹೋಗ್ರಯ್ಯಾ. ಅವನು ಹೇಳದೇ ಇರುವುದನ್ನು ಬರೆಯೋಣ ಅಂತ ಕೂತಿದ್ದೇನೆ. ದೆವ್ವ ಇದೆಯೋ ಇಲ್ಲವೋ ಅಂತ ಮಾತ್ರ ನನ್ನನ್ನು ಕೇಳಬೇಡಿ. ರೇಡಿಯೇಟರಿನಲ್ಲಿ ನೀರಿದೆಯೋ ಇಲ್ಲವೋ ಕೇಳಿ, ಅದಕ್ಕೆ ಉತ್ತರ ಕೊಡಬಲ್ಲೆ.

ಕೆಲಸ ಕಲಿಸಿದವರು ಶ್ರೀರಂಗಪಟ್ಟಣದ ಖಾದರ್ ಸಾಬರು. ಹಿತ್ತಾಳೆ ರೇಡಿಯೇಟರಿಗೆ ಬೆಸುಗೆ ಹಾಕುವುದರಲ್ಲಿ ಎತ್ತಿದ ಕೈ. ಗಾಡಿ ಬಂದ ಕೂಡಲೇ ಬಾನೆಟ್ ಎತ್ತುವವರಲ್ಲ ಅವರು. ಬೀಡಿ ಹಚ್ಚಿ, ಗಾಡಿಯ ಪಕ್ಕ ಸ್ಟೂಲು ಹಾಕಿಕೊಂಡು, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಗಿರಾಕಿ ಚಡಪಡಿಸುತ್ತಿದ್ದ. ಒಂದು ಸಲ ಬಾಡಿಗೆ ಕಾರಿನ ಡ್ರೈವರೊಬ್ಬ ತಡೆಯಲಾರದೆ, ಹಬೆ ಏಳುತ್ತಿದ್ದ ರೇಡಿಯೇಟರಿನ ಮುಚ್ಚಳಕ್ಕೆ ಬಟ್ಟೆ ಸುತ್ತಿ ತಿರುಗಿಸಿಯೇಬಿಟ್ಟ. ಕುದಿನೀರು ಮುಖಕ್ಕೆ ಎದ್ದು ಬಂತು. ಅವನ ಕಿರುಚಾಟ ಇನ್ನೂ ನನ್ನ ಕಿವಿಯಲ್ಲಿದೆ. ಅವನನ್ನು ಆಟೋ ಹತ್ತಿಸಿ ಕಳಿಸಿದ ಮೇಲೆ ಸಾಬರು ನನ್ನ ಕಡೆ ತಿರುಗಿ, "ಗಾಡಿ ಗುಸ್ಸಾದಲ್ಲಿದ್ದಾಗ ಮಾತಾಡುಸ್ಬ್ಯಾಡ ಬೇಟಾ. ಕೂತ್ಕೊ. ಅದೇ ಮಾತಾಡ್ತದೆ, ಆಮೇಲೆ ಮುಟ್ಟು" ಅಂದರು. ಹುಡುಗರೇ, ಮೇಲಿನ ಪೈಪನ್ನು ಕೈಯಲ್ಲಿ ಹಿಡಿದು ಆರಾಮಾಗಿ ಹಿಸುಕಲು ಆಗುವವರೆಗೂ ಮುಚ್ಚಳ ಮುಟ್ಟಬೇಡಿ. ಇದೊಂದನ್ನು ನೆನಪಿಟ್ಟುಕೊಂಡರೆ ನಿಮ್ಮ ಮುಖ ನಿಮಗೆ ಉಳಿಯುತ್ತದೆ.

ತೊಣ್ಣೂರಿನಲ್ಲಿ ಒಂದು ಮನೆಯವರು ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಕರಿದಾರ, ಕೊನೆಗೆ ಒಂದು ಹಳೇ ಚಪ್ಪಲಿಯನ್ನೂ ಕಟ್ಟಿ ನನ್ನನ್ನು ಕರೆಸಿದ್ದರು. ಕೀ ತೆಗೆದು ಊಟಕ್ಕೆ ಕೂತರೆ ಅಂಗಳದಲ್ಲಿ ಕಾರು ಗೊರ್ ಎಂದು ತಾನೇ ತಾನಾಗಿ ಶುರುವಾಗುತ್ತದಂತೆ. ಹೋಗಿ ನೋಡಿದೆ. ಶುರುವಾಗುತ್ತಿದ್ದುದು ಇಂಜಿನ್ ಅಲ್ಲ, ರೇಡಿಯೇಟರಿನ ಕರೆಂಟ್ ಫ್ಯಾನು. ನೀರು ಬಿಸಿ ಇದ್ದರೆ ಕೀ ತೆಗೆದ ಮೇಲೂ ಅದು ಒಂದಷ್ಟು ಹೊತ್ತು ತಿರುಗುತ್ತದೆ, ಹಾಗೇ ಮಾಡಿರುತ್ತಾರೆ. ಎಲ್ಲ ಬಿಡಿಸಿ ಹೇಳಿದೆ. ಮನೆಯ ಯಜಮಾನರು ತಲೆಯಾಡಿಸಿ ಕೇಳಿ, "ಸರಿ ಬುಡಪ್ಪ, ಫ್ಯಾನೇ ಅನ್ನು. ಅದುಕ್ಕೆ ಬಿಸಿಯಾಯ್ತೂಂತ ಏಳಿದ್ದು ಯಾರು?" ಅಂದರು. ಸ್ವಿಚ್ಚು ಹೇಳುತ್ತದೆ ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ, ಚಪ್ಪಲಿಯನ್ನೂ ಬಿಚ್ಚಲಿಲ್ಲ.

ನಾಗಮಂಗಲದ ಕಡೆಯ ಕಥೆಯೇ ಬೇರೆ. ಅದು ಒಣಸೀಮೆ, ರಸ್ತೆ ಬದಿಯಲ್ಲಿ ಹನಿ ನೀರು ಸಿಗುವುದಿಲ್ಲ. ಕಾರು ಕುದ್ದರೆ ಡ್ರೈವರುಗಳು ಕೈಗೆ ಸಿಕ್ಕಿದ್ದನ್ನು ಸುರಿಯುತ್ತಾರೆ. ಎಳನೀರು ಸುರಿದವನನ್ನೂ ನೋಡಿದ್ದೇನೆ, ಒಳಗೆಲ್ಲ ಬೆಲ್ಲದ ಪಾಕ ಕಟ್ಟಿತ್ತು. ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಹಾಕುವುದು ನಮ್ಮ ಡ್ರೈವರುಗಳ ಹಳೇ ಮದ್ದು. ಪುಡಿ ಹೋಗಿ ತೂತಿಗೆ ಮೆತ್ತಿಕೊಳ್ಳುತ್ತದೆ, ಊರು ಸೇರುವವರೆಗೆ ನಡೆಯುತ್ತದೆ. ಅಲ್ಲೊಂದು ಮದುವೆ ಮನೆಯಲ್ಲಿ ಹೆಣ್ಣಿನ ಸೋದರಮಾವನ ಕಾರು ಕುದಿಯುತ್ತಿದೆ ಅಂತ ಕರೆಸಿದ್ದರು. ಡ್ರೈವರು ತಾಂಬೂಲದ ಚೀಲಗಳಿಂದ ಅರಿಶಿನದ ಪೊಟ್ಟಣ ಕದ್ದು ಸುರಿದಿದ್ದ, ನನಗೆ ಹೇಳಿರಲಿಲ್ಲ. ನಾನು ಒಳಗೆ ತೊಳೆಯಲು ಬಟ್ಟೆಸೋಡಾ ಕದಡಿ ಹಾಕಿ, ಇಂಜಿನ್ ಓಡಿಸಿ, ಆರಿದ ಮೇಲೆ ಕೆಳಗಿನ ಪೈಪು ಎಳೆದೆ. ಚಪ್ಪರದ ಕೆಳಗೆ ರಕ್ತ ಹರಿಯಿತು! ಕೆಂಪು, ಗಟ್ಟಿ ಕೆಂಪು. ರಂಗೋಲಿಯ ಮೇಲೆಲ್ಲ ಹರಡಿಕೊಂಡಿತು. ಮದುಮಗಳ ತಾಯಿ ಅಲ್ಲೇ ಕುಸಿದರು.

ಅಜ್ಜಿಯೊಬ್ಬರು ಬಂದು ಬೆರಳದ್ದಿ ಮೂಸಿ, "ಥೂ ನಿಮ್ಮ, ಅರಿಸಿನುಕ್ಕೆ ಸುಣ್ಣ ಬಿದ್ರೆ ಕೆಂಪಾಗ್ದೆ ಇನ್ನೇನಾದದು? ಆರತಿ ನೀರು ಕಣ್ರೋ ಇದು" ಅಂದರು. ಸುಣ್ಣದ ಕೆಲಸವನ್ನೇ ಸೋಡಾ ಮಾಡಿತ್ತು. ಎಲ್ಲರೂ ನಕ್ಕರು. ನಕ್ಕ ಮೇಲೂ ಆ ಕೆಂಪನ್ನು ತುಳಿಯಲು ಯಾರಿಗೂ ಧೈರ್ಯವಿರಲಿಲ್ಲ. ಗಂಡಿನ ಕಡೆಯವರು ಬಂದಾಗ ಚಪ್ಪರದ ಅಂಚು ಹಿಡಿದು ಅವರನ್ನು ಸುತ್ತಿಸಿ ಕರೆದುಕೊಂಡು ಹೋದರು.

ಈಗ ಹಿತ್ತಾಳೆ ರೇಡಿಯೇಟರುಗಳು ಹೋಗಿ ಅಲ್ಯೂಮಿನಿಯಂ ಬಂದಿವೆ. ಅದಕ್ಕೆ ಪ್ಲಾಸ್ಟಿಕ್ ತಲೆ. ಸೋರಿದರೆ ಬೆಸುಗೆ ಇಲ್ಲ, ಬಿಸಾಕಿ ಹೊಸದು ಹಾಕು ಅನ್ನುತ್ತಾರೆ. ಗಾಡಿ ಓಡಿಸುವವರೂ ಫೋನಿನಲ್ಲಿ ವಿಡಿಯೋ ನೋಡಿ ತಾವೇ ನೀರು ಬದಲಾಯಿಸುತ್ತಾರೆ. ಮಾಡಲಿ, ತಪ್ಪಲ್ಲ. ಆದರೆ ಮೂರು ಮಾತು ತಿಳಿದಿರಲಿ. ಬೋರ್‌ವೆಲ್ ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಇಳಿಸಿದ ಕೂಲೆಂಟನ್ನು ಅಂಗಳದಲ್ಲಿ ಬಿಡಬೇಡಿ, ಸಿಹಿ ಇರುತ್ತದೆ, ನಾಯಿ ದನ ನೆಕ್ಕಿ ಸಾಯುತ್ತವೆ. ಹೊಸದು ತುಂಬಿದ ಮೇಲೆ ಒಳಗಿನ ಗಾಳಿ ಪೂರ್ತಿ ಹೋಗುವವರೆಗೂ ಮುಚ್ಚಳ ಹಾಕಬೇಡಿ. ಈ ಗಾಳಿಯ ವಿಷಯಕ್ಕೇ ಬಂದೆ. ನಿಜ ಹೇಳಬೇಕೆಂದರೆ ಇಷ್ಟು ಹೊತ್ತು ಆ ಅಕ್ಕಿಹೆಬ್ಬಾಳಿನ ಮನೆಯ ಸುತ್ತಲೇ ಸುತ್ತುತ್ತಿದ್ದೆ, ಒಳಗೆ ಹೋಗಲು ಮನಸ್ಸು ಬರುತ್ತಿರಲಿಲ್ಲ.

ಫೋನ್ ಮಾಡಿದವರು ನಿಂಗಮ್ಮನವರು. ಅವರ ಯಜಮಾನರು ಜವರೇಗೌಡರು ನನಗೆ ಹಳೇ ಗಿರಾಕಿ. ಹೊಳೆಯಂಚಿನಲ್ಲಿ ಗದ್ದೆ, ಮನೆ ತುಂಬ ಹಸು, ಬಾಯಿ ತುಂಬ ನಗು, ಅಂಥ ಮನುಷ್ಯ. ಅವರು ತೀರಿಕೊಂಡು ಕೆಲವು ತಿಂಗಳಾಗಿದ್ದವು. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ, ಕಾರಿನಲ್ಲೇ ಪ್ರಾಣ ಹೋಯಿತು ಅನ್ನುವುದಷ್ಟೇ ನನಗೆ ಗೊತ್ತಿತ್ತು.

"ಕೆಂಪಣ್ಣ, ಒಸಿ ಬಂದೋಗಪ್ಪ. ಕಾರೊಳ್ಗೆ ಯಾರೋ ನೀರ್ ಕುಡೀತಾವ್ರೆ. ಅದ ನಿಲ್ಲುಸ್ಕೊಡು" ಅಂದರು.

"ಯಾರೋ ಅಂದ್ರೆ ಯಾರು, ನಿಂಗಮ್ಮಾರೆ?"

"ಯಾರೂಂತ ನಂಗೊತ್ತು. ನನ್ ಬಾಯಲ್ಲಿ ಏಳುಸ್ಬ್ಯಾಡ. ಬಾ."

ಬೆಳಗ್ಗೆಯೇ ಹೋದೆ. ಕಾರು ಕೊಟ್ಟಿಗೆಯ ಪಕ್ಕ ನಿಂತಿತ್ತು. ಮಗಳು ಸುಕನ್ಯ ಅದರ ಬಾಗಿಲಿಗೆ ಒರಗಿಕೊಂಡು, ಯಾರನ್ನೂ ಹತ್ತಿರ ಬಿಡುವುದಿಲ್ಲ ಅನ್ನುವ ಹಾಗೆ ಕೈಕಟ್ಟಿ ನಿಂತಿದ್ದಳು. ಕೆ.ಆರ್. ಪೇಟೆಯ ಶಾಲೆಯಲ್ಲಿ ಟೀಚರು. ಕಾರು ಓಡಿಸುವುದನ್ನು ಅಪ್ಪನೇ ಗದ್ದೆ ಬಯಲಿನಲ್ಲಿ ಕಲಿಸಿದ್ದರು. ಆವತ್ತು ತಾಯಿಯನ್ನು ಮನೆಯಲ್ಲೇ ಬಿಟ್ಟು, ಅವರೊಬ್ಬರನ್ನೇ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮೈಸೂರಿನ ಕಡೆ ಓಡಿಸಿದವಳೂ ಇವಳೇ.

"ಕಾರಿಗೇನೂ ಆಗಿಲ್ಲ ಕೆಂಪಣ್ಣ. ಅವ್ವುಂಗೆ ಸುಮ್ನೆ ಭ್ರಮೆ. ನೀವು ಕಾಫಿ ಕುಡ್ಕೊಂಡು ಹೋಗಿ" ಅಂದಳು.

"ಬಂದಿದ್ದೀನಲ್ಲ ಟೀಚರಮ್ಮ, ಒಂದ್ಸಲ ಕೇಳ್ಬುಡ್ತೀನಿ" ಅಂದೆ. ಅವಳು ಸರಿದಳು, ಮನಸ್ಸಿಲ್ಲದೆ.

ಒಳಗೆ ಕೂತು ಇಂಜಿನ್ ಶುರು ಮಾಡಿದೆ. ಮೊದಲು ಏನೂ ಇಲ್ಲ. ಸ್ವಲ್ಪ ರೇಸ್ ಕೊಟ್ಟೆ. ಆಗ ಕೇಳಿಸಿತು, ಎಡಗಡೆ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನ ಹಿಂದುಗಡೆಯಿಂದ. ಗುಟುಕ್. ಸ್ವಲ್ಪ ಬಿಡುವು. ಗುಟುಕ್, ಗುಟುಕ್. ಬಹಳ ಹೊತ್ತು ಬಾಯಾರಿದ ಮನುಷ್ಯ ಕತ್ತು ಮೇಲೆತ್ತಿ ನೀರು ನುಂಗುವ ಸದ್ದು. ಕೊನೆಯಲ್ಲಿ, ದೇವರಾಣೆ, ಕುಡಿದು ಮುಗಿಸಿದವರು ಬಿಡುವಂಥ ಒಂದು ಉದ್ದನೆಯ ಉಸಿರು.

ನನ್ನ ಕೈ ಮೇಲಿನ ಕೂದಲು ನೆಟ್ಟಗಾದವು. ಸದ್ದು ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು ಅಂದರೂ. ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿನ ಪುಟ್ಟ ರೇಡಿಯೇಟರ್ ಒಂದಿರುತ್ತದೆ. ಇಂಜಿನ್ನಿನ ಬಿಸಿನೀರು ಅಲ್ಲಿಗೂ ಹೋಗಿ ಬರುತ್ತದೆ. ನೀರು ಕಮ್ಮಿಯಾಗಿ ಗಾಳಿ ಸೇರಿಕೊಂಡರೆ ಅಲ್ಲಿ ಗುಟುಗುಟು ಅನ್ನುತ್ತದೆ. ಹೊಸದೇನಲ್ಲ. ಆದರೆ ಇಷ್ಟೊಂದು ಮನುಷ್ಯನ ಹಾಗೆ ನುಂಗುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ತಲೆ ಎತ್ತಿದರೆ ನಿಂಗಮ್ಮನವರು ಹೊಸ್ತಿಲ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ಸುಕನ್ಯ ಕಾರಿನ ಬಾಗಿಲಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದೇ ಸದ್ದು. ತಾಯಿಗೆ ಅದು ನಿಲ್ಲಬೇಕಿತ್ತು, ಮಗಳಿಗೆ ನಿಲ್ಲಬಾರದಿತ್ತು. ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ.

ಇಂಜಿನ್ ಆರಿಸಿ, ತಣ್ಣಗಾಗಲಿ ಅಂತ ಜಗುಲಿಯಲ್ಲಿ ಕೂತೆ. ನಿಂಗಮ್ಮನವರು ಕಾಫಿ ತಂದುಕೊಟ್ಟು, ದನಿ ಇಳಿಸಿ ಹೇಳಿದರು. "ಅಸ್ಥಿ ಬುಡಕ್ಕೆ ಪಶ್ಚಿಮವಾಹಿನಿಗೆ ಓಗಿದ್ವಲ್ಲ, ಮಡಕೆ ತೊಡೆ ಮ್ಯಾಲೆ ಮಡಿಕೊಂಡು ನಾನು ಮುಂದಿನ ಸೀಟಲ್ಲಿ ಕೂತಿದ್ದೆ. ಸೀರಂಗಪಟ್ಣ ಹತ್ರ ಬಂದಂಗೆ ಸುರುವಾಯ್ತು ಕಣಪ್ಪ. ಮೊದ್ಲು ಮಡಕೆ ಒಳಗಿಂದ್ಲೇ ಬತ್ತಾದೆ ಅಂದ್ಕಂಡೆ. ಅವತ್ತಿಂದ ನಾನು ಆ ಕಾರು ಅತ್ತಿಲ್ಲ." ಮಗಳ ಕಡೆ ನೋಡಿ, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ಮನೆಯಲ್ಲಿ ಇಬ್ಬರೇ ಇದ್ದರು, ಆ ಇಬ್ಬರೂ ಆ ದಿನದ ವಿಷಯ ಒಮ್ಮೆಯೂ ಮಾತಾಡಿಕೊಂಡಿರಲಿಲ್ಲ. ಅದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಕಾರು ಆರಿತು. ಮುಚ್ಚಳ ತೆಗೆದು ಇಣುಕಿದೆ, ನೀರು ಬಹಳ ಕೆಳಗಿತ್ತು. ನೆಲ ನೋಡಿದರೆ ಒಣ ಒಣ, ಎಲ್ಲೂ ಸೋರಿದ ಗುರುತಿಲ್ಲ.

"ನೀರಾಕ್ತಿದ್ದೀರಾ ಟೀಚರಮ್ಮ?"

"ದಿನಾ ಬೆಳಗ್ಗೆ ಹಾಕ್ತೀನಿ."

"ದಿನಾನಾ? ಎಲ್ಲಿಗೋಯ್ತದೆ ಮತ್ತೆ?"

ಅವಳು ಬಕೆಟ್ ತಂದುಕೊಟ್ಟಳು. ಮುಚ್ಚಳದ ರಬ್ಬರು ತಿಂದುಹೋಗಿತ್ತು, ರಸ್ತೆಯಲ್ಲಿ ಓಡುವಾಗ ಆವಿಯಾಗಿ ಹೋಗುತ್ತಿದ್ದಿರಬೇಕು ಅಂದುಕೊಂಡೆ. ಕೆಳಗಿನ ಪೈಪು ಬಿಚ್ಚಿ ಬಕೆಟ್ ಇಟ್ಟೆ. ತುಕ್ಕಿನ ಬಣ್ಣದ ನೀರು ಇಳಿಯಿತು. ಆಮೇಲೆ ರೇಡಿಯೇಟರ್ ಬಿಚ್ಚಿ, ತಲೆಕೆಳಗು ಮಾಡಿ, ನಲ್ಲಿಯ ಪೈಪನ್ನು ಹಿಂದುಮುಂದಾಗಿ ಕೊಟ್ಟು ನೀರು ಹಾಯಿಸಿದೆ. ಕಸ ಯಾವಾಗಲೂ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ, ಅದಕ್ಕೇ ಉಲ್ಟಾ ತೊಳೆಯಬೇಕು. ಮೊದಲು ಸುಣ್ಣದ ಚಕ್ಕೆ ಬಂತು. ಆಮೇಲೆ ಕಪ್ಪಗೆ, ಮೆತ್ತಗೆ, ಏನೋ ಬಂತು. ರಬ್ಬರ್ ಚೂರು ಅಂದುಕೊಂಡು ಅಂಗೈಗೆ ತೆಗೆದುಕೊಂಡೆ. ಎಲೆ. ಮತ್ತೊಂದು ಬಂತು. ಮತ್ತೂ ಬಂದವು. ಹಿಡಿ ತುಂಬ ಬೆಂದ ಎಲೆ. ಹಿಸುಕಿದರೆ ಇನ್ನೂ ಸಣ್ಣಗೆ ವಾಸನೆ ಇತ್ತು.

ತುಳಸಿ.

ರೇಡಿಯೇಟರಿನಲ್ಲಿ ಸತ್ತ ಜಿರಳೆ ನೋಡಿದ್ದೇನೆ, ಕಪ್ಪೆಮರಿ ನೋಡಿದ್ದೇನೆ. ತುಳಸಿ ನೋಡಿರಲಿಲ್ಲ. ನಮ್ಮ ಕಡೆ ಯಾವಾಗ ತುಳಸಿ ನೀರು ಬಿಡುತ್ತಾರೆ ಅಂತ ನಿಮಗೂ ಗೊತ್ತು. ಪ್ರಾಣ ಹೋಗುವವರ ಬಾಯಿಗೆ, ಮಕ್ಕಳು, ಕೊನೇ ಸಲ.

ನಿಂಗಮ್ಮನವರು ಯಾವಾಗ ಬಂದು ನನ್ನ ಬೆನ್ನ ಹಿಂದೆ ನಿಂತರೋ. "ಯಾರೇ ಆಕಿದ್ದು ಇದ? ಸುಕನ್ಯಾ! ಯಾರ್ ಆಕಿದ್ದು?"

ಸುಕನ್ಯ ನೆಲ ನೋಡಿಕೊಂಡು ಹೇಳಿದಳು. ತರಗತಿಯಲ್ಲಿ ಪಾಠ ಒಪ್ಪಿಸುವ ಮಗುವಿನ ಹಾಗೆ, ಏರಿಳಿತವಿಲ್ಲದೆ.

"ನಾನೇ ಅವ್ವ. ದಾರೀಲಿ ಅಪ್ಪ ನೀರು ಕೇಳ್ತಾನೇ ಇದ್ರು. ಪೇಟೆ ಡಾಕ್ಟರು ಫೋನಲ್ಲಿ ಹೇಳಿದ್ರು, ಆಪರೇಷನ್ ಮಾಡ್ಬೇಕಾಗ್ಬಹುದು, ತೊಟ್ಟು ನೀರೂ ಕೊಡ್ಬೇಡಿ ಅಂತ. ಬಾಟ್ಲು ನನ್ ತೊಡೆ ಸಂದಿಲಿತ್ತು. ಕೈ ಚಾಚಿದ್ರು. ನಾನು ಕೈ ತಳ್ಬುಟ್ಟೆ. 'ಒಂದ್ ಗುಟ್ಕು ಕೊಡವ್ವ, ಒಂದೇ ಒಂದು' ಅಂದ್ರು. ಸುಮ್ನಿರಪ್ಪ ಅಂತ ಗದರುಬುಟ್ಟೆ. ಆಮೇಲೆ ಕೇಳ್ನಿಲ್ಲ. ಸುಮ್ನಾದ್ರು. ಮಲಗುದ್ರು ಅಂದ್ಕೊಂಡು ಇನ್ನೂ ಜೋರಾಗಿ ಓಡಿಸ್ದೆ." ಅವಳು ಕಾರಿನ ಕಡೆ ಕೈ ತೋರಿಸಿದಳು. "ಬಾಯಾರಿಕೇಲೇ ಹೋದ್ರು. ಈಗ ಕೇಳ್ತಾವ್ರೆ. ದಿನಾ ಕೊಡ್ತೀನಿ. ದಿನಾ ಕುಡೀತಾವ್ರೆ."

ನಾನು ಏನು ಮಾಡಲಿ ಹೇಳಿ. ಇಂಥ ಹೊತ್ತಿನಲ್ಲಿ ಕೈಗೆ ಕೆಲಸ ಇರುವುದೇ ದೊಡ್ಡ ಪುಣ್ಯ. ಹೀಟರಿನ ಎರಡೂ ಪೈಪು ಕಿತ್ತು, ಕಾಲಿನ ಪಂಪು ಹಚ್ಚಿ, ಒಳಗಿನ ನೀರನ್ನೆಲ್ಲ ಊದಿ ಹೊರಗೆ ಹಾಕಿದೆ. ಬರೀ ಗಾಳಿ ಬರುವವರೆಗೂ ಊದಿದೆ. ಈಗ ಕಾರಿನಲ್ಲಿ ಹನಿ ನೀರಿಲ್ಲ. ರೇಡಿಯೇಟರ್ ಅಂಗಳದಲ್ಲಿ, ಪೈಪುಗಳು ನೆಲದ ಮೇಲೆ, ಇಂಜಿನ್ ತಣ್ಣಗೆ, ಕೀ ನನ್ನ ಜೇಬಿನಲ್ಲಿ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡದೆ ನಿಂತಿದ್ದರು. ಕೊಟ್ಟಿಗೆಯಲ್ಲಿ ಹಸುಗಳು ಮೇವು ತಿನ್ನುವುದನ್ನು ನಿಲ್ಲಿಸಿದ್ದು ನೆನಪಿದೆ.

ಆಗ ಡ್ಯಾಶ್‌ಬೋರ್ಡಿನ ಹಿಂದಿನಿಂದ, ಸ್ಪಷ್ಟವಾಗಿ, ಒಂದೇ ಒಂದು ಸಲ.

ಗುಟುಕ್.

ಮೂವರೂ ಕೇಳಿದೆವು. ಒಳಗೆ ಎಲ್ಲೋ ಸಂದಿಯಲ್ಲಿ ತೊಟ್ಟು ನೀರು ಉಳಿದಿತ್ತು, ಜಾರಿತು ಅಂತ ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಷ್ಟು ಊದಿದ ಮೇಲೂ ಉಳಿದಿತ್ತು ಅಂತ. ನೀವು ಕಸುಬುದಾರರು, ನೀವೇ ತೀರ್ಮಾನ ಮಾಡಿಕೊಳ್ಳಿ. ನಿಂಗಮ್ಮನವರು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋಗಿಬಿಟ್ಟರು.

ನನಗೆ ಓಡಿಹೋಗಬೇಕು ಅನ್ನಿಸಿತು. ಕಾರು ಬಿಚ್ಚಿ ಹರಡಿ ಓಡಿಹೋದ ಅಂತ ಹೆಸರು ಬರುತ್ತದಲ್ಲ ಅಂತ ಉಳಿದೆ. ಇನ್ನೊಂದು ಕೆಲಸ ಬಾಕಿ ಇತ್ತು. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಒಂದು ಪುಟ್ಟ ವಾಲ್ವು ಇರುತ್ತದೆ. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದು, ನೀರು ಕಾದಾಗ ತೆರೆದುಕೊಳ್ಳಬೇಕು. ಬಿಚ್ಚಿ ನೋಡಿದರೆ ಹಳೆಯದು ತುಕ್ಕು ಹಿಡಿದು ಮುಚ್ಚಿದ ಹಾಗೇ ಕಚ್ಚಿಕೊಂಡಿತ್ತು, ದಿನಾ ಹಾಕಿದ ನೀರು ಕುದಿದು ಆವಿಯಾಗಲು ಅದೂ ಕಾರಣ. ಹೊಸದನ್ನು ಹಾಕುವ ಮೊದಲು ಬಿಸಿನೀರಿನಲ್ಲಿ ಬಿಟ್ಟು ಪರೀಕ್ಷೆ ಮಾಡುವುದು ನನ್ನ ಪದ್ಧತಿ. ಅಂಗಡಿಯವನನ್ನು ನಂಬಬೇಡಿ, ಪ್ಯಾಕೆಟ್ಟಿನಲ್ಲೇ ಕೆಟ್ಟಿರುವುದೂ ಬರುತ್ತದೆ.

ಹಿತ್ತಲಿನಲ್ಲಿ ನೀರು ಕಾಯಿಸುವ ಒಲೆ ಉರಿಯುತ್ತಿತ್ತು. ನಿಂಗಮ್ಮನವರು ಅದರ ಮುಂದೆ ಕೂತಿದ್ದರು. ಒಂದು ಹಳೇ ಪಾತ್ರೆ ಕೇಳಿದೆ, ಕೊಟ್ಟರು. ನೀರಿಟ್ಟು, ವಾಲ್ವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ನೀರು ಕಾಯಿತು, ತಳದಲ್ಲಿ ಗುಳ್ಳೆ ಎದ್ದವು. ಬಿಗಿಯಾಗಿ ಮುಚ್ಚಿಕೊಂಡಿದ್ದ ಆ ದುಂಡನೆಯ ತಗಡು ಮೆಲ್ಲಗೆ, ಬಹಳ ಮೆಲ್ಲಗೆ, ಬಾಯಿ ತೆರೆಯಿತು. ನೀರು ಅದರೊಳಗೆ ನುಗ್ಗಿತು.

"ಅಯ್ಯೋ ನನ್ನಪ್ಪಾ" ಅಂದರು ನಿಂಗಮ್ಮನವರು. "ಇಂಗೇ ಕಣೋ. ಇಂಗೇ ತೆರುದ್ರು ಬಾಯ."

ನಾನು ದಾರ ಹಿಡಿದುಕೊಂಡೇ ಇದ್ದೆ.

"ಅವ್ಳು ಕಾರು ಈಚೆ ತೆಗೀತಿದ್ಲು. ಇವ್ರು ಒಳಗೆ ಚಾಪೆ ಮ್ಯಾಲೆ ಒದ್ದಾಡ್ತಿದ್ರು. 'ನಿಂಗಿ, ನೀರು' ಅಂದ್ರು. ಕೊಡ್ಬ್ಯಾಡಿ ಅಂತ ಅವ್ಳು ಕಿರುಚಿ ಏಳಿದ್ಲು, ನನ್ ಕಿವಿಗೆ ಬಿದ್ದಿತ್ತು. ಆದ್ರೂ ತಡ್ಯಕ್ಕಾಗ್ನಿಲ್ಲ ಕಣಪ್ಪ. ತಲೆ ಎತ್ತಿ ಹಿಡ್ಕಂಡು ದೊಡ್ಡ ಲೋಟದಲ್ಲಿ ಕುಡುಸ್ಬುಟ್ಟೆ. ಗುಟುಗುಟು ಅಂತ ಅಷ್ಟೂ ಕುಡುದ್ರು. ಅದೇ ಸದ್ದು. ಕಾರಲ್ಲಿ ಬರೋದು ಅದೇ ಸದ್ದು. ಆ ನೀರೇ ಅವ್ರ ಜೀವ ತಗೀತು. ನಾನೇ ಕೊಂದ್ಬುಟ್ಟೆ. 'ನೋಡು ನಿಂಗಿ, ನೀನೇ ಕುಡ್ಸಿದ್ದು' ಅಂತ ದಿನಾ ಕೇಳುಸ್ತಾವ್ರೆ ನಂಗೆ."

"ಕುಡುದ್ರಾ?"

ಸುಕನ್ಯ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ಅವ್ವ, ಅಪ್ಪ ನೀರು ಕುಡುದ್ರಾ?"

ನಿಂಗಮ್ಮನವರು ತಲೆ ಎತ್ತಲಿಲ್ಲ. "ಕುಡುದ್ರು. ಒಂದ್ ತೊಟ್ಟೂ ಬುಡ್ನಿಲ್ಲ."

ಸುಕನ್ಯ ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ಮೈಯೆಲ್ಲ ಅಲುಗುತ್ತಿತ್ತು. ಆಮೇಲೆ ತೆವಳಿಕೊಂಡೇ ಬಂದು ತಾಯಿಯ ಎರಡೂ ಕೈ ಹಿಡಿದುಕೊಂಡಳು. "ನೀರಿಂದ ಅಲ್ಲ ಕಣವ್ವ! ಮೈಸೂರಿನ ಡಾಕ್ಟರು ನಂಗೆ ಹೇಳಿದ್ರು. ಹೊಟ್ಟೆ ಒಳಗಿನ ದೊಡ್ಡ ರಕ್ತನಾಳ ಮನೇಲೇ ಒಡೆದೋಗಿತ್ತಂತೆ. ಅಲ್ಲೇ ಆಸ್ಪತ್ರೆ ಬಾಗ್ಲಲ್ಲೇ ಇದ್ದಿದ್ರೂ ಉಳೀತಿರ್ಲಿಲ್ವಂತೆ. ರಕ್ತ ಒಳಗೇ ಸೋರ್ತಿದ್ರೆ ದಾಹ ಆರೋದೇ ಇಲ್ವಂತೆ, ಎಷ್ಟು ಕುಡುದ್ರೂ ಬೇಕೂ ಬೇಕೂ ಅನ್ಸುತ್ತಂತೆ. ನಿನ್ ನೀರು ಏನೂ ಮಾಡ್ನಿಲ್ಲ ಅವ್ವ."

"ಮತ್ಯಾಕೆ ಏಳ್ನಿಲ್ಲ ನಂಗೆ?" ನಿಂಗಮ್ಮನವರು ಮಗಳ ಭುಜಕ್ಕೆ ಎರಡು ಏಟು ಹಾಕಿದರು. "ಇಷ್ಟ್ ದಿನ ಯಾಕೆ ಏಳ್ನಿಲ್ಲ, ಮುಂಡೇದೆ?"

"ಹೇಳುದ್ರೆ ದಾರೀದೆಲ್ಲಾ ಹೇಳ್ಬೇಕಿತ್ತಲ್ಲ ಅವ್ವ."

ಒಲೆ ಹೊಗೆಯೋ ಏನೋ, ನನಗೂ ಕಣ್ಣು ಉರಿಯಿತು. ವಾಲ್ವು ಎತ್ತಿಕೊಂಡು ಹೊರಗೆ ಬಂದೆ.

ಎಲ್ಲವನ್ನೂ ಮತ್ತೆ ಜೋಡಿಸಿದೆ. ಹೊಸ ಮುಚ್ಚಳ, ಹೊಸ ಪೈಪು, ಹೊಸ ವಾಲ್ವು. ಕೂಲೆಂಟನ್ನು ಶುದ್ಧ ನೀರಿಗೆ ಬೆರೆಸಿ, ಸುಕನ್ಯಳ ಕೈಗೆ ಕೊಟ್ಟು, "ಸಣ್ಣಗೆ ಬುಡು ಮಗ, ಆತುರ ಬ್ಯಾಡ" ಅಂದೆ. ಇಂಜಿನ್ ಓಡುತ್ತಿತ್ತು. ಅವಳು ಬಿಟ್ಟಷ್ಟೂ ಅದು ಇಳಿಯಿತು. ಒಳಗಿನ ಗಾಳಿ ದಪ್ಪ ಗುಳ್ಳೆಗಳಾಗಿ ಬುಳ್ ಬುಳ್ ಅಂತ ಬಾಯಿಗೆ ಬಂದು ಒಡೆಯಿತು. ಡ್ಯಾಶ್‌ಬೋರ್ಡಿನ ಹಿಂದೆ ಗುಟುಕು ಜೋರಾಯಿತು, ಅವಸರವಾಯಿತು, ಆಮೇಲೆ ಬಿಡುವು ಕೊಟ್ಟು ಬರತೊಡಗಿತು. ತಾಯಿ ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ, ಮಗಳ ತೋಳು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಗುಳ್ಳೆ ಸಣ್ಣದಾದವು. ನಿಂತವು. ಫ್ಯಾನು ತಿರುಗಿ ನಿಂತಿತು. ನಾನು ಮುಚ್ಚಳ ಹಾಕಿ, ಒಳಗೆ ಕೂತು ಎಷ್ಟು ರೇಸ್ ಕೊಟ್ಟರೂ ಡ್ಯಾಶ್‌ಬೋರ್ಡು ಉಸಿರೆತ್ತಲಿಲ್ಲ.

ಇನ್ನು ಒಂದು ಸುತ್ತು ಓಡಿಸಿ ಬರಬೇಕು, ಆರಿದ ಮೇಲೆ ಮತ್ತೆ ಮುಚ್ಚಳ ತೆಗೆದು ನೋಡಬೇಕು. ಎಲ್ಲೋ ಅವಿತಿದ್ದ ಗಾಳಿ ಹೊರಬಂದು ನೀರು ಒಂದಿಷ್ಟು ಇಳಿದೇ ಇಳಿದಿರುತ್ತದೆ. ನನ್ನ ಇಡೀ ಕಸುಬಿನಲ್ಲಿ ಇಳಿಯದೇ ಇದ್ದದ್ದನ್ನು ನಾನು ಕಂಡಿಲ್ಲ. ಸುಕನ್ಯ ಸ್ಟೇರಿಂಗ್ ಹಿಡಿದು ಕೂತಳು. ನಾನು ಎಡಗಡೆ ಬಾಗಿಲು ತೆರೆಯುವಷ್ಟರಲ್ಲಿ ನಿಂಗಮ್ಮನವರು ನನ್ನನ್ನು ಸರಿಸಿ, ಸೀರೆ ಒಟ್ಟು ಮಾಡಿಕೊಂಡು, ಯಜಮಾನರು ಕೂತಿದ್ದ ಸೀಟಿನಲ್ಲಿ ಕೂತುಬಿಟ್ಟರು. "ನಡಿ" ಅಂದರು.

ರೈಲ್ವೆ ಸ್ಟೇಷನ್ನಿನ ಕಡೆಯಿಂದ ಹೊಳೆಯವರೆಗೆ ಹೋಗಿ ಬಂದರು. ಏನು ಮಾತಾಡಿಕೊಂಡರೋ, ಇಬ್ಬರ ಮುಖವೂ ಊದಿತ್ತು. ನಾನು ಒಂದು ಚೊಂಬು ಕುಡಿಯುವ ನೀರು ತರಿಸಿಕೊಂಡು ಕಾದು ಕೂತಿದ್ದೆ, ಇಳಿದಷ್ಟನ್ನು ತುಂಬಲು. ಪೈಪು ಹಿಸುಕಿ ನೋಡಿ, ಪೂರ್ತಿ ಆರಿದ ಮೇಲೆ ಮುಚ್ಚಳ ತಿರುಗಿಸಿದೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ನೂ ಬೇಕಂತಾ?" ಅಂತ ಕೇಳಿದರು ನಿಂಗಮ್ಮನವರು.

ಬಗ್ಗಿದೆ. ನೀರು ಬಾಯಂಚಿನವರೆಗೆ ತುಂಬಿ, ಅಲುಗದೆ ನಿಂತಿತ್ತು. ನನ್ನ ಮುಖ ಅದರಲ್ಲಿ ಕಾಣುತ್ತಿತ್ತು. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

"ಬ್ಯಾಡ್ವಂತೆ" ಅಂದೆ.

ಸುಕನ್ಯ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ತಾಯಿಯ ಬಾಯಿಯ ಹತ್ತಿರ ಹಿಡಿದಳು. "ಕುಡಿಯವ್ವ. ಬೆಳಗ್ಗೆಯಿಂದ ನೀನೂ ಏನೂ ಕುಡಿದಿಲ್ಲ."

ನಿಂಗಮ್ಮನವರು ಮಗಳ ಕೈ ಸಮೇತ ಚೊಂಬನ್ನು ಹಿಡಿದು, ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ ಕುಡಿದರು. ಗುಟುಕ್, ಗುಟುಕ್, ಗುಟುಕ್. ಆ ಸದ್ದಿಗೆ ಮಗಳು ಒಮ್ಮೆ ಬೆಚ್ಚಿದಳು, ಆದರೆ ತಾಯಿ ಕುಡಿದು ಮುಗಿಸುವವರೆಗೂ ಕೈ ತೆಗೆಯಲಿಲ್ಲ.